ರಂಗೋಲಿ ಹುಳುವಿನ ಜಾತಕ

ನಿಂಬೆ ಗಿಡ ಸಾಕಿದವರಿಗೆ ಹಣ್ಣು ಸಿಗುತ್ತದೋ ಇಲ್ಲವೋ, ಸಲಹೆಗೆ ಮಾತ್ರ ಬರವಿಲ್ಲ. ಎರಡು ಒಳ್ಳೆಯ ಮಳೆ ಬಿದ್ದು, ಗಿಡ ಮೈತುಂಬ ಎಳೆ ಚಿಗುರು ಹೊತ್ತು, ಇನ್ನೇನು ಇದರ ವೈಭವ ನೋಡಬೇಕು ಅನ್ನುವಷ್ಟರಲ್ಲಿ ಎಲೆಗಳು ಒಂದೊಂದಾಗಿ ಮುರುಟಿಕೊಳ್ಳತೊಡಗುತ್ತವೆ. ಅವುಗಳ ಮೇಲೆ ಬೆಳ್ಳಿ ಬಣ್ಣದ ಗೀರುಗಳು ಅಡ್ಡಾದಿಡ್ಡಿ ಹರಿದಾಡಿರುತ್ತವೆ. ಆಗ ಶುರುವಾಗುತ್ತದೆ ನೋಡಿ ರೋಗನಿದಾನ. ನಮ್ಮತ್ತೆಯ ಪ್ರಕಾರ ಅದು ದೃಷ್ಟಿ. "ಬೀದಿಗೆ ಕಾಣೋ ಹಾಗೆ ಗಿಡ ಹಾಕಬೇಡ ಕಣೇ ಅಂದ್ರೆ ನೀನೆಲ್ಲಿ ಕೇಳ್ತೀಯ" ಅನ್ನುತ್ತಾರೆ. ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಜಗತ್ತಿನ ಸಕಲ ಕಾಯಿಲೆಗೂ ಸತುವಿನ ಕೊರತೆಯೇ ಕಾರಣ, ನಮ್ಮ ನಿಂಬೆ ಗಿಡವೂ ಅದಕ್ಕೆ ಹೊರತಲ್ಲ. ಹಾಲು ತರುವ ಹುಡುಗ ಹುಳಿ ಮಜ್ಜಿಗೆ ಎರಚಿ ಅನ್ನುತ್ತಾನೆ. ಪಕ್ಕದ ಮನೆಯಾಕೆ ಯಾರೋ ಮೈಲಿಗೆಯಲ್ಲಿ ಮುಟ್ಟಿರಬೇಕು ಅಂತ ದನಿ ತಗ್ಗಿಸಿ ಹೇಳಿ, ನಮ್ಮ ಮನೆಯಲ್ಲಿ ಯಾರಿರಬಹುದು ಅಂತ ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ಗೊಬ್ಬರದ ಅಂಗಡಿಯವನಂತೂ ಏನಾಗಿದೆ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಒಂದು ಬಾಟಲಿ ತೆಗೆದು ಗಲ್ಲಾದ ಪಕ್ಕ ಇಟ್ಟು, ಲೀಟರಿಗೆ ಎರಡು ಎಂ.ಎಲ್. ಅನ್ನುತ್ತಾನೆ.

ಇಷ್ಟು ಜನರಲ್ಲಿ ಒಬ್ಬರಾದರೂ ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದವರಲ್ಲ. ನೋಡಿದ್ದರೆ ಪಂಚಾಯಿತಿ ಅಲ್ಲೇ ಮುಗಿಯುತ್ತಿತ್ತು. ಈ ಕಳ್ಳ ತಾನು ಎಲ್ಲಿ ಹುಟ್ಟಿದೆ, ಎಷ್ಟು ತಿಂದೆ, ಯಾವಾಗ ಚರ್ಮ ಬದಲಾಯಿಸಿದೆ, ಯಾವ ಬಾಗಿಲಿನಿಂದ ಹೊರಬಿದ್ದೆ ಎಂಬುದನ್ನೆಲ್ಲ ಎಲೆಯ ಮೇಲೆಯೇ ದಾಖಲಿಸಿ ಹೋಗಿರುತ್ತಾನೆ. ಇಷ್ಟು ಚೊಕ್ಕವಾಗಿ ಲೆಕ್ಕ ಇಡುವ ಇನ್ನೊಂದು ಕೀಟ ನನ್ನ ಗಮನಕ್ಕೆ ಬಂದಿಲ್ಲ.

ರೈತರು ಇದನ್ನು ರಂಗೋಲಿ ಹುಳು ಅನ್ನುತ್ತಾರೆ. ಕರಪತ್ರಗಳಲ್ಲಿ ಎಲೆ ಸುರಂಗ ಹುಳು ಅಂತಲೂ ಇರುತ್ತದೆ. ಶಾಸ್ತ್ರದ ಪುಸ್ತಕದಲ್ಲಿ ಫಿಲ್ಲಾಕ್ನಿಸ್ಟಿಸ್ ಸಿಟ್ರೆಲ್ಲಾ. 1856ರಲ್ಲಿ ಸ್ಟೇನ್ಟನ್ ಎಂಬ ಇಂಗ್ಲಿಷ್ ಕೀಟತಜ್ಞ ಕಲ್ಕತ್ತೆಯಿಂದ ಬಂದ ಮಾದರಿಗಳನ್ನು ನೋಡಿ ಈ ಹೆಸರಿಟ್ಟ. ಹೀಗಾಗಿ ಇದು ನಮ್ಮ ಕಡೆಯದೇ ಪ್ರಾಣಿ, ಹೊರಗಿನಿಂದ ಬಂದದ್ದಲ್ಲ. ನಿಂಬೆ, ಗಜನಿಂಬೆ, ಹೆರಳೆ, ಕಂಚಿ, ಚಕ್ಕೋತ, ಕೊಡಗಿನ ಕಿತ್ತಳೆ, ಯಾವುದಕ್ಕೂ ಬೇಡ ಅನ್ನುವುದಿಲ್ಲ. ಬಿಲ್ವಪತ್ರೆಯೂ ಅದೇ ಬಳಗದ್ದಾದ್ದರಿಂದ ಶಿವನ ಪಾಲಿನಲ್ಲೂ ಇದಕ್ಕೊಂದು ಪಾಲುಂಟು. ಹುಳು ಎಂದು ಕರೆಯುತ್ತೇವೆ ನಿಜ, ಆದರೆ ಹುಳು ಇದರ ಬಾಲ್ಯ ಮಾತ್ರ. ಬೆಳೆದ ಮೇಲೆ ಇದು ಪತಂಗ. ಕೂತಾಗ ಉದ್ದ ಎರಡು ಮಿಲಿಮೀಟರು, ರೆಕ್ಕೆ ಪೂರ್ತಿ ಬಿಚ್ಚಿದರೆ ನಾಲ್ಕು. ಹಾಗಾಗಿಯೇ ಪ್ರತಿ ವರ್ಷ ಇದರ ಕಾಟದಲ್ಲಿ ಬದುಕಿದವರೂ ಇದರ ಮುಖ ಕಂಡವರಲ್ಲ.

ಎಲೆಗೆ ಬರೋಣ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಒಂದು ಮಸೂರ ಇದ್ದರೆ ಸಾಕು, ಹತ್ತು ಪಟ್ಟು ದೊಡ್ಡದು ಮಾಡಿದರೆ ಕಾಣಬೇಕಾದದ್ದೆಲ್ಲ ಕಾಣುತ್ತದೆ. ಮೊದಲು ಎಲೆಯನ್ನು ಮಗುಚಿ, ನಡುನರದ ಹತ್ತಿರ ಹುಡುಕಬೇಕು. ಹೆಣ್ಣು ಪತಂಗ ಸಂಜೆಯ ಮೇಲೆ ಬಂದು, ಇನ್ನೂ ಬಲಿಯದ ಎಳೆಯ ಎಲೆಯನ್ನೇ ಆರಿಸಿ, ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ಚಪ್ಪಟೆ, ಪಾರದರ್ಶಕ. ಓರೆ ಬೆಳಕಿನಲ್ಲಿ ನೋಡಿದರೆ ಒಂದು ಪುಟಾಣಿ ನೀರಹನಿ ಎಲೆಗೆ ಅಂಟಿದೆ ಅನ್ನಿಸುತ್ತದೆ, ಒರೆಸಿದರೆ ಹೋಗುವುದಿಲ್ಲ. ಬಿಸಿಲಿನ ದಿನಗಳಲ್ಲಿ ಅದು ಎರಡು ಮೂರು ದಿನಕ್ಕೇ ಒಡೆಯುತ್ತದೆ, ತಂಪಿದ್ದರೆ ಇನ್ನಷ್ಟು ತಡ. ಮರಿ ಹೊರಗೆ ಬಂದು ಲೋಕ ನೋಡುವುದಿಲ್ಲ. ಮೊಟ್ಟೆಯ ತಳದಿಂದಲೇ ನೇರ ಎಲೆಯೊಳಕ್ಕೆ ಇಳಿದುಬಿಡುತ್ತದೆ. ಅಲ್ಲಿಂದ ರೆಕ್ಕೆ ಮೂಡುವವರೆಗೆ ಅದಕ್ಕೆ ಗಾಳಿ ಬಿಸಿಲಿನ ಪರಿಚಯವೇ ಇಲ್ಲ.

ಎಲೆಯೊಳಗೆ ಅಂದರೆ ಎಲ್ಲಿ ಎಂಬುದು ಮುಖ್ಯ. ಎಲೆಯ ಮೇಲ್ಮೈಗೆ ಒಂದು ತೆಳುವಾದ ಮೇಣದ ಪೊರೆ ಇರುತ್ತದೆ. ಅದರ ಕೆಳಗೆ ಒಂದೇ ಸಾಲು ಜೀವಕೋಶಗಳು. ಹಸಿರು ತಿರುಳು ಇರುವುದು ಅದಕ್ಕಿಂತ ಕೆಳಗೆ. ಈ ಮರಿ ತಿರುಳಿನ ತಂಟೆಗೆ ಹೋಗದು. ಪೊರೆಯ ಅಡಿಯ ಆ ಒಂದು ಸಾಲು ಕೋಶಗಳನ್ನು ಮಾತ್ರ ಸೀಳಿ ರಸ ಕುಡಿಯುತ್ತ ಮುಂದಕ್ಕೆ ಹೋಗುತ್ತದೆ. ಹೋದ ದಾರಿಯಲ್ಲಿ ಪೊರೆ ಮೇಲೆದ್ದು ನಡುವೆ ಗಾಳಿ ತುಂಬುತ್ತದೆ, ಆ ಗಾಳಿಯೇ ನಮಗೆ ಕಾಣುವ ಬೆಳ್ಳಿ ಬಣ್ಣ. ಮರಿಗೆ ಕಾಲಿಲ್ಲ, ತಲೆ ಚಪ್ಪಟೆ, ದವಡೆ ಗರಗಸದಂಥದು. ಕಾಗದದ ಎರಡು ಪದರಗಳ ನಡುವಿನಷ್ಟು ಜಾಗದಲ್ಲಿ ಜೀವನ ಮಾಡಬೇಕಾದವರಿಗೆ ಬೇರೆ ಆಕಾರ ಆಗಿಬರುವುದಿಲ್ಲ.

ಈಗ ಗೀರನ್ನು ಶುರುವಿನಿಂದ ಹಿಂಬಾಲಿಸಿ. ಆರಂಭದಲ್ಲಿ ಅದು ಕೂದಲಿನಷ್ಟು ಸಣ್ಣದು, ಸುಳಿ ಸುಳಿಯಾಗಿ ನಡುನರದ ಪಕ್ಕದಲ್ಲೇ ಸುತ್ತುತ್ತದೆ. ಮುಂದೆ ಒಂದು ಕಡೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಅಲ್ಲಿ ಮರಿ ಒಮ್ಮೆ ಪೊರೆ ಕಳಚಿದೆ. ಕಣ್ಣು ಚುರುಕಾಗಿದ್ದರೆ ಕಳಚಿಟ್ಟ ತಲೆಯ ಚಿಪ್ಪು ಸುರಂಗದೊಳಗೆ ಕಂದು ಚುಕ್ಕೆಯಾಗಿ ಬಿದ್ದಿರುವುದೂ ಸಿಗುತ್ತದೆ. ಹೀಗೆ ಅಗಲವಾಗುತ್ತ ಹೋಗುವ ದಾರಿಯ ನಟ್ಟನಡುವೆ ಒಂದು ಕಪ್ಪು ಗೆರೆ. ಅದು ಹಿಕ್ಕೆ. ಈ ನಡುಗೆರೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ದಾರಿಯ ಅಗಲವಾದ ತುದಿಯಲ್ಲಿ, ಅದೃಷ್ಟವಿದ್ದರೆ, ತಿಳಿ ಹಳದಿ ಬಣ್ಣದ ಮೂರು ಮಿಲಿಮೀಟರಿನ ಮರಿ ಇನ್ನೂ ಕೆಲಸದಲ್ಲಿರುತ್ತದೆ. ಪೊರೆಯ ಮೂಲಕವೇ ಅದರ ತಲೆ ಎಡಕ್ಕೂ ಬಲಕ್ಕೂ ಬೀಸುವುದನ್ನು ನೋಡಬಹುದು. ಆ ನೋಟಕ್ಕೆ ಒಮ್ಮೆ ಸಿಕ್ಕಿಬಿದ್ದವರು ಒಲೆಯ ಮೇಲಿಟ್ಟ ಹಾಲನ್ನು ಮರೆಯುವುದು ಖಂಡಿತ.

ಮೂರು ಹಂತ ಹೀಗೆ ರಸ ಕುಡಿದೇ ಕಳೆಯುತ್ತದೆ. ನಾಲ್ಕನೆಯದು ವಿಚಿತ್ರ. ಆ ಹಂತದ ಮರಿಗೆ ಊಟವೇ ಇಲ್ಲ. ಬಾಯಿಯ ದವಡೆಗಳು ಕೆಲಸಕ್ಕೆ ಬಾರದಷ್ಟು ಕುಗ್ಗಿ, ರೇಷ್ಮೆ ನೂಲುವ ಅಂಗ ಮಾತ್ರ ಉಳಿದಿರುತ್ತದೆ. ಅದು ಎಲೆಯ ಅಂಚಿಗೆ ಬಂದು ನೂಲು ಎಳೆಯುತ್ತದೆ. ನೂಲು ಬಿಗಿಯುತ್ತಿದ್ದಂತೆ, ಸೀರೆಯ ಅಂಚು ಮಡಿಸಿ ಹೊಲಿದ ಹಾಗೆ ಎಲೆಯ ಅಂಚು ಅದರ ಮೇಲೆ ಮಗುಚಿಕೊಳ್ಳುತ್ತದೆ. ನಮ್ಮ ಸಲಹೆಗಾರರೆಲ್ಲ ತಲೆಗೊಂದು ಕಾರಣ ಹೇಳಿದ ಮುರುಟಿನಲ್ಲಿ ಒಂದು ಪಾಲು ಈ ಮಡಿಕೆ. ಅದರೊಳಗೆ ಕೋಶಾವಸ್ಥೆ. ಹಳದಿ ಕಂದು ಬಣ್ಣದ ಕೋಶ ದಿನ ಕಳೆದಂತೆ ಕಪ್ಪಾಗುತ್ತದೆ. ಅದರ ನೆತ್ತಿಯಲ್ಲಿ ಒಂದು ಚೂಪು ಮುಳ್ಳು. ಬೆಳಗಿನ ಜಾವ ಆ ಮುಳ್ಳಿನಿಂದ ಮಡಿಕೆಯನ್ನು ಕುಯ್ದು ಕೋಶ ಅರ್ಧ ಹೊರಕ್ಕೆ ತೂರಿ, ಅಲ್ಲಿ ಬಿರಿದು, ಪತಂಗ ಹೊರಬೀಳುತ್ತದೆ. ಖಾಲಿ ಸಿಪ್ಪೆ ಎಲೆಯ ಅಂಚಿನಲ್ಲೇ ಚಾಚಿಕೊಂಡು ಉಳಿಯುತ್ತದೆ. ಮೊಟ್ಟೆಯಿಂದ ಇಲ್ಲಿಯವರೆಗೆ ಬೆಚ್ಚನೆಯ ದಿನಗಳಲ್ಲಿ ಎರಡು ವಾರ ಸಾಕು, ಚಳಿಯಲ್ಲಿ ಏಳು ವಾರದವರೆಗೂ ಎಳೆಯಬಹುದು. ಆ ಸಿಪ್ಪೆ ಕಂಡಿತೋ, ಅಲ್ಲಿಗೆ ಆ ಎಲೆಯ ಕತೆ ಮುಗಿದಿದೆ ಎಂದೇ ಅರ್ಥ. ಅದಕ್ಕೆ ಔಷಧಿ ಹೊಡೆಯುವುದೆಂದರೆ ಖಾಲಿ ಮನೆಗೆ ಬೀಗ ಹಾಕುವ ಕೆಲಸ.

ಪತಂಗವನ್ನೂ ನೋಡಲೇಬೇಕೆಂಬ ಹಟವಿದ್ದವರು ಮಡಿಕೆ ಬಿದ್ದ ಎಲೆಗಳ ಒಂದು ಕುಡಿಯನ್ನು ಕತ್ತರಿಸಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಒಳಗೆ ನೀರು ನಿಂತರೆ ಬೂಷ್ಟು ಹಿಡಿದು ಎಲ್ಲ ಹಾಳು. ಒಂದು ಬೆಳಿಗ್ಗೆ ಗಾಜಿನ ಮೇಲೆ ಬಿಳಿಯ ಒಂದು ಗೆರೆ ಕೂತಿರುತ್ತದೆ. ಮಸೂರದಲ್ಲಿ ಅದು ಬೇರೆಯೇ ವಸ್ತು. ಮುಂದಿನ ರೆಕ್ಕೆ ಬೆಳ್ಳಿಯ ಬಿಳುಪು, ಅದರ ಮೇಲೆ ಕಂದು ಹಳದಿ ಗೆರೆಗಳು, ರೆಕ್ಕೆಯ ತುದಿಯಲ್ಲಿ ಅಚ್ಚುಕಟ್ಟಾಗಿ ಇಟ್ಟ ಒಂದೊಂದು ಕಪ್ಪು ಬೊಟ್ಟು. ಹಿಂದಿನ ರೆಕ್ಕೆ ಬರೀ ಕಡ್ಡಿ, ಅದರ ಸುತ್ತ ಉದ್ದುದ್ದ ಕೂದಲಿನ ಅಂಚು. ನಿಂಬೆ ಜಾತಿಯ ಗಿಡದಿಂದ ಹೊರಬಂದ ಬಿಳಿ ಪತಂಗ, ರೆಕ್ಕೆಯ ತುದಿಗೆ ಕಪ್ಪು ಬೊಟ್ಟು, ಎಲೆಯಲ್ಲಿ ನಡುಗೆರೆಯ ಸುರಂಗ: ಇಷ್ಟು ಕೂಡಿದರೆ ಗುರುತು ಹಿಡಿಯಲು ವಿಶ್ವವಿದ್ಯಾಲಯಕ್ಕೆ ಹೋಗಬೇಕಿಲ್ಲ. ಇದೇ ಗಿಡದ ಮೇಲೆ ನಿಂಬೆ ಪಾತರಗಿತ್ತಿಯ ಮರಿಯೂ ಬೆಳೆಯುತ್ತದೆ. ಹಕ್ಕಿಯ ಹಿಕ್ಕೆಯ ವೇಷ ಹಾಕಿಕೊಂಡು ಕೂರುವ ಅದರ ಫೋಟೊ ತೆಗೆಯಲು ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬರುವವರಿದ್ದಾರೆ. ಒಂದಿಡೀ ಎಲೆಯನ್ನು ಅಂಚಿನಿಂದ ಬೋಳಿಸುವ ಅದಕ್ಕೆ ಅಭಿಮಾನಿಗಳು, ಪೊರೆಯ ಅಡಿಯಲ್ಲಿ ರಸ ಕುಡಿಯುವ ಇದಕ್ಕೆ ವಿಷ. ಚೆಲುವಿಗೂ ಗಾತ್ರ ಬೇಕು, ಏನು ಮಾಡುವುದು.

ಬಾಟಲಿಯಿಂದ ಪ್ರತಿ ಸಲವೂ ಪತಂಗವೇ ಬರುತ್ತದೆ ಅಂತ ನಂಬಿಕೊಂಡು ಕೂತರೆ ನಿರಾಸೆಯಾಗುತ್ತದೆ. ಎಷ್ಟೋ ಸಲ ಬರುವುದು ಒಂದೂವರೆ ಮಿಲಿಮೀಟರಿನ ಕಣಜ. ಕಣಜ ಅಂದ ಕೂಡಲೇ ಕುಟುಕುತ್ತದೆ ಎಂದು ಹೆದರಬೇಡಿ, ಇದಕ್ಕೆ ನಮ್ಮ ಮೈಮೇಲೆ ಆಸಕ್ತಿಯಿಲ್ಲ. ಇದು ಎಲೆಯ ಪೊರೆಯ ಮೂಲಕವೇ ಸುರಂಗದೊಳಗಿನ ಮರಿಯನ್ನು ಪತ್ತೆ ಹಚ್ಚಿ ಅದರ ಮೇಲೆ ಮೊಟ್ಟೆ ಇಡುತ್ತದೆ, ಕಣಜದ ಮರಿ ಪತಂಗದ ಮರಿಯನ್ನು ತಿಂದು ಬೆಳೆಯುತ್ತದೆ. ನಮ್ಮ ದೇಶದಲ್ಲಿ ಇಂಥ ಕಣಜಗಳು ಹಲವು. ಅವುಗಳಲ್ಲಿ ಒಂದು ಸಿಟ್ರೊಸ್ಟೈಕಸ್ ಫಿಲ್ಲಾಕ್ನಿಸ್ಟಾಯ್ಡಿಸ್. ಹೆಸರು ಹೇಳುವಷ್ಟರಲ್ಲಿ ಕಣಜವೇ ಹಾರಿಹೋಗುತ್ತದೆ. ನಮ್ಮ ರಂಗೋಲಿ ಹುಳು 1990ರ ದಶಕದಲ್ಲಿ ಸ್ಪೇನ್ ಮೊದಲಾದ ಭೂಮಧ್ಯ ಸಮುದ್ರದ ನಾಡುಗಳಿಗೆ ಹಬ್ಬಿ ಅಲ್ಲಿನ ಕಿತ್ತಳೆ ತೋಟಗಳನ್ನು ಕಂಗೆಡಿಸಿದಾಗ, ಏಷ್ಯಾದ ಈ ಕಣಜವನ್ನೇ ಅಲ್ಲಿಗೆ ಒಯ್ದು ಬಿಟ್ಟರು. ಅಮೆರಿಕದ ಫ್ಲಾರಿಡಾಕ್ಕೆ ಹುಳು ಮುಟ್ಟಿದ್ದು 1993ರಲ್ಲಿ. ಮರುವರ್ಷವೇ ಅಲ್ಲಿನವರು ಅಜೀನಿಯಾಸ್ಪಿಸ್ ಎಂಬ ಇನ್ನೊಂದು ಕಣಜವನ್ನು ತಂದರು. ಅದು ಇಡುವ ಒಂದು ಮೊಟ್ಟೆ ಒಳಗೇ ಒಡೆದು ಹಲವು ಮರಿಗಳಾಗುತ್ತದೆ. ನಮ್ಮಲ್ಲಿ ನಮ್ಮವೇ ಕಣಜಗಳು ಕರೆಯದೆ ಬಂದು ಪುಕ್ಕಟೆ ದುಡಿಯುತ್ತಿವೆ, ನಾವು ಲೀಟರಿಗೆ ಎರಡು ಎಂ.ಎಲ್. ಹೊಡೆದು ಮೊದಲು ಅವನ್ನೇ ಸಾಯಿಸುತ್ತೇವೆ. ಮೈಗೆ ತಾಗಿದರೆ ಮಾತ್ರ ಕೊಲ್ಲುವ ವಿಷ ಪೊರೆಯ ಅಡಿ ಕೂತ ಹುಳುವಿಗೆ ಸರಿಯಾಗಿ ತಲುಪುವುದೂ ಇಲ್ಲ. ಎಲೆಯ ಮೇಲೆ ನಡೆದಾಡುವ ಕಣಜಕ್ಕೆ ಮಾತ್ರ ಚೆನ್ನಾಗಿ ತಲುಪುತ್ತದೆ.

ಹಾಗಂತ ಎಲ್ಲರೂ ಕೈಕಟ್ಟಿ ಕೂರಬಹುದು ಎಂದು ಹೇಳುತ್ತಿಲ್ಲ. ವಿಜಯಪುರದ ಇಂಡಿಯ ಕಡೆ ಎಕರೆಗಟ್ಟಲೆ ನಿಂಬೆ ಹಾಕಿದವರ ಕಷ್ಟ ಹಿತ್ತಿಲ ಗಿಡದವರ ಕಷ್ಟದಂತಲ್ಲ. ಸಸಿಮಡಿಯಲ್ಲಿ, ನೆಟ್ಟ ಮೊದಲ ಕೆಲವು ವರ್ಷದ ಗಿಡಗಳಲ್ಲಿ ಹುಳು ಹೆಚ್ಚಾದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಉಪದ್ರವ ಕಜ್ಜಿ ರೋಗ. ಅದನ್ನು ತರುವ ಬ್ಯಾಕ್ಟೀರಿಯಾಕ್ಕೆ ಹುಳು ಸೀಳಿದ ಎಲೆ ತೆರೆದ ಗಾಯ, ಮಳೆಯ ಹನಿಯ ಜೊತೆ ಒಳಗೆ ಹೋಗುವುದು ಸುಲಭ. ಅಂಥ ಕಡೆ ಚಿಗುರು ಬರುವ ಹೊತ್ತಿಗೇ ಬೇವಿನ ಬೀಜದ ಕಷಾಯ ಹೊಡೆಯುವುದು ಬುದ್ಧಿವಂತಿಕೆ. ಚಿಗುರು ಬಲಿತು ಗೀರು ಮೂಡಿದ ಮೇಲೆ ಹೊಡೆಯುವುದು ಮನಸ್ಸಮಾಧಾನ. ಬಲಿತ ಮರಕ್ಕೆ ಏನೂ ಮಾಡಬೇಕಿಲ್ಲ. ಯೂರಿಯಾ ಸುರಿದು, ಮತ್ತೆ ಮತ್ತೆ ಸವರಿ, ಕಾಲವಲ್ಲದ ಕಾಲದಲ್ಲಿ ಚಿಗುರು ಬರಿಸುವುದನ್ನು ಬಿಟ್ಟರೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ, ಏಕೆಂದರೆ ಈ ಪತಂಗಕ್ಕೆ ಎಳೆ ಎಲೆಯೇ ಆಗಬೇಕು, ಬಲಿತದ್ದು ನಡೆಯದು.

ನಿಂಬೆಯಿಂದ ಆಚೆಗೆ ಹೋದರೆ ಮಾತ್ರ ಎಚ್ಚರ ಬೇಕು. ಎಲೆಯ ಮೇಲೆ ಬಿಳಿ ಗೀರು ಕಂಡದ್ದೆಲ್ಲ ಪತಂಗವಲ್ಲ. ಹುರುಳಿಕಾಯಿ, ಸೌತೆ, ಟೊಮೆಟೊ, ಹರಳಿನ ಗಿಡದ ಎಲೆಗಳಲ್ಲಿ ಹಾವಿನ ದಾರಿ ಬರೆಯುವುದು ಹೆಚ್ಚಾಗಿ ಲಿರಿಯೊಮೈಜಾ ಎಂಬ ನೊಣ. ಅಮೆರಿಕದ ಕಡೆಯ ಇದು ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದು 1990ರ ಸುಮಾರಿಗೆ. ಇಲ್ಲಿ ಆ ಹಿಕ್ಕೆಯ ಗೆರೆ ಕೆಲಸಕ್ಕೆ ಬರುತ್ತದೆ. ನೊಣದ ಮರಿ ಮಗ್ಗುಲಾಗಿ ಮಲಗಿಕೊಂಡೇ ತಿನ್ನುತ್ತದೆ, ಆಗಾಗ ಮಗ್ಗುಲು ಬದಲಿಸುತ್ತದೆ. ಹಾಗಾಗಿ ಅದರ ಹಿಕ್ಕೆ ಸುರಂಗದ ಎಡ ಅಂಚಿಗೊಮ್ಮೆ ಬಲ ಅಂಚಿಗೊಮ್ಮೆ ಬೀಳುತ್ತದೆ. ನಿಂಬೆಯ ಹುಳುವಿನದು ನಡುವೆ ಒಂದೇ ಗೆರೆ. ಇನ್ನೂ ಅನುಮಾನವಿದ್ದರೆ ಸೂಜಿಯಿಂದ ಪೊರೆ ಸರಿಸಿ ಮರಿಯನ್ನೇ ನೋಡಿ. ಪತಂಗದ ಮರಿಗೆ ತಲೆ ಎಂಬುದು ಇರುತ್ತದೆ, ಗಟ್ಟಿ ಚಿಪ್ಪಿನದು. ನೊಣದ ಮರಿಗೆ ತಲೆಯೇ ಇಲ್ಲ, ಮುಂದುಗಡೆ ಎರಡು ಕರಿಯ ಕೊಕ್ಕೆ ಮಾತ್ರ. ಮಾವು ಮತ್ತು ಗೇರಿನ ಚಿಗುರೆಲೆಯಲ್ಲಿ ಗೀರಿನ ಬದಲು ಬೊಕ್ಕೆ ಎದ್ದಂಥ ಬೂದು ಬಿಳಿ ತೇಪೆ ಕಂಡರೆ ಅದು ಆಕ್ರೊಸರ್ಕಾಪ್ಸ್ ಎಂಬ ಇನ್ನೊಂದು ಪತಂಗ. ತೇಪೆಯ ಪೊರೆ ಒಣಗಿ ಹರಿದು ಎಲೆಯಲ್ಲಿ ತೂತು ಬೀಳುತ್ತದೆ. ಶೇಂಗಾ ಎಲೆಯಲ್ಲಿ ಮೊದಲು ಸಣ್ಣ ತೇಪೆ ಮಾಡಿ ಆಮೇಲೆ ಎರಡು ಎಲೆ ಸೇರಿಸಿ ನೂಲಿನಿಂದ ಹೊಲಿದುಕೊಳ್ಳುವವನು ಮತ್ತೊಬ್ಬ, ಮಳೆ ಕೈಕೊಟ್ಟ ವರ್ಷ ಅವನ ಸುಗ್ಗಿ. ಹೊಂಗೆಯ ಎಲೆಯ ಬಿಳಿ ತೇಪೆಯೂ ಪತಂಗದ್ದೇ ಕೆಲಸ. ನಮ್ಮ ನಿಂಬೆಯ ಹುಳು ಸೇರಿದ ಗ್ರಾಸಿಲ್ಲಾರಿಡೀ ಕುಟುಂಬವೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 2,000 ಬಗೆಗಳಿಗೆ ಹೆಸರಾಗಿದೆ.

ಹೆಸರಿಟ್ಟವರ ಕತೆಯೂ ಸ್ವಾರಸ್ಯದ್ದು. ಇಂಗ್ಲೆಂಡಿನ ಮಾರ್ಲ್‌ಬರೊ ಎಂಬ ಊರಿನಲ್ಲಿ ಎಡ್ವರ್ಡ್ ಮೇರಿಕ್ ಎಂಬ ಶಾಲಾ ಮೇಷ್ಟ್ರಿದ್ದರು. ಹೊಟ್ಟೆಪಾಡಿಗೆ ಪಾಠ, ಉಳಿದ ಹೊತ್ತೆಲ್ಲ ಸಣ್ಣ ಪತಂಗ. ಕೊಡಗಿನಿಂದ ನ್ಯೂಕಮ್ ಎಂಬವರು, ಕಾರವಾರದಿಂದ ಮ್ಯಾಕ್ಸ್‌ವೆಲ್ ಎಂಬವರು ಸಂಗ್ರಹಿಸಿದ ಪತಂಗಗಳು ಅವರ ಮೇಜಿಗೆ ತಲುಪುತ್ತಿದ್ದವು. ಕೈಮಸೂರ ಒಂದನ್ನೇ ಹಿಡಿದು, ಸೂಕ್ಷ್ಮದರ್ಶಕದ ಗೊಡವೆಗೆ ಹೋಗದೆ, ಅವರು ತಮ್ಮ ಆಯುಸ್ಸಿನಲ್ಲಿ ಜಗತ್ತಿನ 10,000ಕ್ಕೂ ಎಷ್ಟೋ ಮೇಲೆ ಸಣ್ಣ ಪತಂಗಗಳಿಗೆ ಹೆಸರಿಟ್ಟರು. 1912ರಿಂದ 1937ರವರೆಗೆ ಇದಕ್ಕಾಗಿಯೇ ಕಂತು ಕಂತಾಗಿ ಪುಸ್ತಕ ಪ್ರಕಟಿಸಿದರು. ನಮ್ಮ ಮಾವಿನೆಲೆಯ ಪತಂಗಕ್ಕೂ 1914ರಲ್ಲಿ ಹೆಸರಿಟ್ಟವರು ಅವರೇ. ಸಾಧನೆ ದೊಡ್ಡದು, ಸಂಶಯವಿಲ್ಲ. ಆದರೆ ಗುಂಡುಸೂಜಿಗೆ ಚುಚ್ಚಿದ ಎರಡು ಮಿಲಿಮೀಟರಿನ ಒಣ ರೆಕ್ಕೆ ನೋಡಿ ಇಟ್ಟ ಹೆಸರಿನಲ್ಲಿ ಗಿಡ ಯಾವುದು, ಸುರಂಗ ಹೇಗಿತ್ತು, ಮರಿಯ ಬಣ್ಣ ಏನು ಎಂಬ ವಿವರ ಎಷ್ಟೋ ಕಡೆ ಇರುವುದಿಲ್ಲ. ಎರಡು ಪತಂಗಗಳ ರೆಕ್ಕೆ ಒಂದೇ ಥರ ಇದ್ದರೆ ಮುಂದಿನವರ ಪಾಡು ಹೇಳತೀರದು. ಆಮೇಲೆ ಗೇಟ್ಸ್ ಕ್ಲಾರ್ಕ್ ಎಂಬ ಅಮೆರಿಕದ ವಿದ್ವಾಂಸರು ಆ ಸಂಗ್ರಹದ ಮೂಲ ಮಾದರಿಗಳನ್ನು ಬಿಡಿಸಿ ನೋಡಿ, 1955ರಿಂದ 1970ರವರೆಗೆ ಸಂಪುಟಗಟ್ಟಲೆ ಚಿತ್ರ ಸಹಿತ ಪಟ್ಟಿ ಮಾಡಬೇಕಾಯಿತು.

ಮೇರಿಕ್ ಮೇಷ್ಟ್ರ ಕಾಲದಲ್ಲೇ ಬಿಹಾರದ ಪೂಸಾದಲ್ಲಿ ಬೇನ್‌ಬ್ರಿಜ್ ಫ್ಲೆಚರ್ ಎಂಬ ಸರ್ಕಾರಿ ಕೀಟತಜ್ಞರಿದ್ದರು. ಅವರ ದಾರಿ ಬೇರೆ. ಎಲೆ ತಂದು, ಹುಳು ಸಾಕಿ, ಯಾವ ಗಿಡದಿಂದ ಯಾವ ಪತಂಗ ಬಂತು ಎಂದು ಬರೆದಿಡುವುದು. 1920ರಲ್ಲಿ ಭಾರತದ ಸಣ್ಣ ಪತಂಗಗಳ ಜೀವನಚರಿತ್ರೆ ಎಂದು ಒಂದು ದೊಡ್ಡ ಗ್ರಂಥವನ್ನೇ ತಂದರು. ಮೇಷ್ಟ್ರು ಮತ್ತು ಫ್ಲೆಚರ್ ಇಬ್ಬರಲ್ಲಿ ನನ್ನ ಓಟು ಫ್ಲೆಚರ್‌ಗೆ. ಇಂದಿಗೂ ಸುರಂಗ ಕೊರೆಯುವ ಪತಂಗಗಳ ಗುರುತು ಹಿಡಿಯುವ ಯಾರೇ ಆಗಲಿ ಮೊದಲು ಕೇಳುವ ಪ್ರಶ್ನೆ ರೆಕ್ಕೆ ಹೇಗಿದೆ ಎಂದಲ್ಲ, ಯಾವ ಗಿಡ ಎಂದು. ಹೆಚ್ಚಿನವು ಒಂದೇ ಗಿಡಕ್ಕೋ ಒಂದೇ ಗಿಡದ ಬಳಗಕ್ಕೋ ಕಟ್ಟುಬಿದ್ದಿರುತ್ತವೆ. ಗಿಡ ಗೊತ್ತಾದರೆ ಅನುಮಾನದ ಪಟ್ಟಿ ಸಾವಿರದಿಂದ ನಾಲ್ಕೈದಕ್ಕೆ ಇಳಿಯುತ್ತದೆ. ಸುರಂಗದ ಆಕಾರ, ಹಿಕ್ಕೆಯ ಗೆರೆ, ಕೋಶ ಎಲೆಯಲ್ಲಿದೆಯೋ ಮಣ್ಣಿಗೆ ಬಿತ್ತೋ, ಇಷ್ಟು ನೋಡುವಷ್ಟರಲ್ಲಿ ಒಂದೇ ಉಳಿದಿರುತ್ತದೆ.

ಮೇರಿಕ್ ಮೇಷ್ಟ್ರು ದಕ್ಷಿಣ ಅಮೆರಿಕದ ಪೆರು ದೇಶದ ಒಂದು ಬೂದು ಬಣ್ಣದ ಪತಂಗಕ್ಕೆ 1917ರಲ್ಲಿ ಹೆಸರಿಟ್ಟಿದ್ದರು. ಆಗ ಅದಕ್ಕೆ ಯಾವ ಮಹತ್ವವೂ ಇರಲಿಲ್ಲ. 2006ರಲ್ಲಿ ಅದು ಸ್ಪೇನಿನಲ್ಲಿ ಕಾಣಿಸಿಕೊಂಡಿತು, 2014ರಲ್ಲಿ ಭಾರತದಲ್ಲಿ. ಟೂಟಾ ಅಬ್ಸಲ್ಯೂಟಾ ಎಂಬ ಆ ಹೆಸರನ್ನು ಇವತ್ತು ಕೋಲಾರದ ಟೊಮೆಟೊ ಬೆಳೆಗಾರರು ಕೇಳಿದ್ದಾರೆ, ಕೇಳದವರು ಊಜಿ ಎಂದು ಬೈಯುತ್ತಾರೆ. ಎಲೆಯಲ್ಲಿ ತೇಪೆಯಂಥ ಸುರಂಗ ಮಾಡಿ, ಅದು ಸಾಲದೆಂದು ಹೊರಬಂದು ಇನ್ನೊಂದು ಎಲೆಗೆ ನುಗ್ಗಿ, ಕೊನೆಗೆ ಕಾಯಿಗೂ ಸೂಜಿಮೊನೆಯ ತೂತು ಕೊರೆಯುವ ಖದೀಮ ಇದು. ಟೊಮೆಟೊ ಎಲೆಯಲ್ಲಿ ನೊಣದ ಗೀರು ಹಳೆಯ ಪರಿಚಯ, ಅದಕ್ಕಾಗಿ ಯಾರೂ ನಿದ್ದೆಗೆಡಬೇಕಿಲ್ಲ. ಅಗಲವಾದ ತೇಪೆ, ಒಳಗೆ ಕತ್ತಿನ ಹಿಂದೆ ಕಪ್ಪು ಪಟ್ಟಿಯುಳ್ಳ ಮರಿ ಕಂಡರೆ ಅದೇ ದಿನ ಎದ್ದು ಕೆಲಸ ನೋಡಬೇಕು. ಎರಡಕ್ಕೂ ಒಂದೇ ಔಷಧಿ ಹೊಡೆದು ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ. ಗುರುತು ಹಿಡಿಯುವುದು ಹವ್ಯಾಸಿಗಳ ಚಪಲ ಎನ್ನುವವರು ಟೊಮೆಟೊ ಬೆಳೆದು ನೋಡಬೇಕು.

ಎಲೆಯ ದಾಖಲೆ ಎಷ್ಟು ಕಾಲ ಬಾಳುತ್ತದೆ? ಅಮೆರಿಕದಲ್ಲಿ ಸಿಕ್ಕಿದ 9.7 ಕೋಟಿ ವರ್ಷ ಹಳೆಯ ಎಲೆಗಳ ಪಳೆಯುಳಿಕೆಯಲ್ಲಿ ಸುರಂಗದ ಗೀರುಗಳಿವೆ. ಅವುಗಳಲ್ಲಿ ಕೆಲವು ನಮ್ಮ ನಿಂಬೆಯ ಹುಳುವಿನ ಉಪಕುಟುಂಬದ್ದೇ ಎಂದು 1994ರಲ್ಲಿ ತಜ್ಞರು ಗುರುತಿಸಿದರು. ಪತಂಗದ ರೆಕ್ಕೆಯ ಚೂರೂ ಅಲ್ಲಿಲ್ಲ, ಗೀರನ್ನೇ ಓದಿ ಹೇಳಿದ್ದು. ಅಷ್ಟು ದೂರ ಬೇಡವೆಂದರೆ ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಮರದ ಕತೆ ಇದೆ. ಆ ಮರದ ಎಲೆಗಳಿಗೆ ಕಂದು ತೇಪೆ ಹಚ್ಚಿ ನಗರದ ಸಾಲುಮರಗಳನ್ನೆಲ್ಲ ಬೇಸಿಗೆಯಲ್ಲೇ ಬೋಳಾಗಿಸುವ ಪತಂಗವೊಂದು 1984ರಲ್ಲಿ ಮ್ಯಾಸಿಡೋನಿಯಾದ ಓಹ್ರಿಡ್ ಸರೋವರದ ಬಳಿ ಕಣ್ಣಿಗೆ ಬಿತ್ತು. ಎಲ್ಲಿಂದ ಬಂತು ಎಂದು ಎಲ್ಲರಿಗೂ ತಲೆನೋವು. ಏಷ್ಯಾದಿಂದ, ಅಮೆರಿಕದಿಂದ ಎಂದೆಲ್ಲ ಊಹೆಗಳು ನಡೆದವು. ಕಡೆಗೆ ಉತ್ತರ ಸಿಕ್ಕಿದ್ದು ಕಪಾಟಿನಲ್ಲಿ. ಯಾರೋ ಸಸ್ಯಶಾಸ್ತ್ರಜ್ಞರು 1879ರಲ್ಲಿ ಗ್ರೀಸ್ ದೇಶದಲ್ಲಿ ಕಿತ್ತು ಒಣಗಿಸಿ ಹಾಳೆಗೆ ಅಂಟಿಸಿದ್ದ ಎಲೆಯ ತೇಪೆಯೊಳಗೆ ಅದೇ ಪತಂಗದ ಮರಿ ಒಣಗಿ ಕೂತಿತ್ತು. 2011ರಲ್ಲಿ ಅದರ ಡಿಎನ್ಎ ತೆಗೆದು ಓದಿದಾಗ ಈ ಪತಂಗ ಬಾಲ್ಕನ್ ನಾಡಿನದೇ ಹಳೆಯ ನಿವಾಸಿ ಎಂಬುದು ಖಚಿತವಾಯಿತು. ಎಲೆ ಒಣಗಿಸಿದವರಿಗೆ ಹುಳುವಿನ ಮೇಲೆ ಗಮನವೇ ಇರಲಿಲ್ಲ, ಅವರು ಮರದ ಮಾದರಿ ಇಟ್ಟಿದ್ದು. ಆದರೂ ಎಲ್ಲಿ, ಯಾವಾಗ ಕಿತ್ತದ್ದು ಎಂದು ಪಕ್ಕದಲ್ಲಿ ಬರೆದಿದ್ದರು, ಅದು ನೂರ ಮೂವತ್ತು ವರ್ಷದ ಮೇಲೆ ಸಾಕ್ಷಿಯಾಯಿತು.

ನಮ್ಮ ಸುತ್ತಲ ಕಾಡುಗಿಡಗಳ, ಬೇಲಿಗಿಡಗಳ ಎಲೆಗಳಲ್ಲಿ ಯಾರು ಸುರಂಗ ಕೊರೆಯುತ್ತಿದ್ದಾರೆ ಎಂಬುದನ್ನು ನೋಡಿದವರು ಕಡಿಮೆ. ಹೊನ್ನೆ, ಬಿಲ್ವಾರ, ನೇರಳೆ, ಲಕ್ಕಿಗಿಡ, ಎಲ್ಲಾದರೂ ಎಲೆಯ ಮೇಲೆ ಬಿಳಿ ಗೀರೋ ತೇಪೆಯೋ ಕಂಡರೆ ಬೆಳಕಿಗೆ ಹಿಡಿದು ನೋಡಿ, ಹಿಕ್ಕೆಯ ಗೆರೆ ನಡುವೆಯೋ ಅಂಚಿಗೋ ಗಮನಿಸಿ. ಪತಂಗ ಸಿಗದಿದ್ದರೆ ಬೇಸರ ಬೇಡ. ಎಲೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಒಣಗಿಸಿ, ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಗಿಡದ ಹೆಸರು, ಊರು, ತಾರೀಖು ಬರೆದಿಡಿ. ಈ ಮೂರು ಇದ್ದರೆ ಅದು ಮುಂದೆ ಯಾರಿಗೋ ಬೇಕಾಗುವ ಮಾದರಿ, ಇಲ್ಲದಿದ್ದರೆ ಗುಡಿಸಿ ಹಾಕುವ ತರಗೆಲೆ.